ಹನ್ನೆರಡೂವರೆಯೋ ತೊಂಬತ್ತೊಂಬತ್ತೋ: ಸಾಕುನಾಯಿಗಳಲ್ಲಿ ಪರಾವಲಂಬಿ ಸೋಂಕಿನ ಲೆಕ್ಕ

ಸಾಕುನಾಯಿಗಳಲ್ಲಿ ಜಂತುಹುಳು ಮತ್ತಿತರ ಪರಾವಲಂಬಿಗಳ ಸೋಂಕು ಎಷ್ಟು ಸಾಮಾನ್ಯ ಎಂಬ ಪ್ರಶ್ನೆಗೆ ಈಗಾಗಲೇ ಪ್ರಕಟವಾಗಿರುವ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಅಮೆರಿಕದ ಪಶುವೈದ್ಯರು 2006ರ ಒಂದೇ ವರ್ಷದಲ್ಲಿ ಪ್ರಯೋಗಾಲಯಗಳಿಗೆ ಕಳುಹಿಸಿದ್ದ, ಹೆಚ್ಚುಕಡಿಮೆ 12 ಲಕ್ಷದಷ್ಟು ನಾಯಿ ಮಲದ ಮಾದರಿಗಳ ಫಲಿತಾಂಶವನ್ನು ಒಟ್ಟುಗೂಡಿಸಿದಾಗ ಶೇ 12.5ರಷ್ಟರಲ್ಲಿ ಮಾತ್ರ ಕರುಳಿನ ಪರಾವಲಂಬಿಗಳು ಸಿಕ್ಕವು. ಅಸ್ಸಾಮಿನ ಚಹಾ ತೋಟದ ಕಾರ್ಮಿಕರ ವಸತಿಗಳಲ್ಲಿದ್ದ ನೂರರಷ್ಟು ನಾಯಿಗಳನ್ನು ಪರೀಕ್ಷಿಸಿ 2000ದ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಾದರೋ ಶೇ 99ರಷ್ಟು ನಾಯಿಗಳಲ್ಲಿ, ಮನುಷ್ಯರಿಗೂ ದಾಟಬಲ್ಲ ಒಂದಲ್ಲ ಒಂದು ಪರಾವಲಂಬಿ ಇತ್ತು. ಶೇ 94ರಷ್ಟರಲ್ಲಿ ಕೊಕ್ಕೆಹುಳು ಇತ್ತು. ಎರಡೂ ಕಡೆ ನಾಯಿ ಮನುಷ್ಯರ ಒಡನಾಟದಲ್ಲಿಯೇ ಇದ್ದದ್ದು, ಎರಡೂ ಕಡೆ ಪರೀಕ್ಷೆಗೆ ಒಳಪಟ್ಟದ್ದು ಮಲವೇ. ಹಾಗಿದ್ದೂ ಒಂದು ಲೆಕ್ಕದಲ್ಲಿ ಎಂಟು ನಾಯಿಗೆ ಒಂದು, ಇನ್ನೊಂದರಲ್ಲಿ ಬಹುತೇಕ ಎಲ್ಲವೂ.

ಅಮೆರಿಕ ಸಿರಿವಂತ ದೇಶ, ಅಸ್ಸಾಮಿನ ತೋಟದ ಕಾರ್ಮಿಕರು ಬಡವರು ಎಂದು ಹೇಳಿ ಮುಗಿಸಿಬಿಡಬಹುದು. ಅದರಲ್ಲಿ ಸತ್ಯಾಂಶ ಇದ್ದರೂ ಅದೇ ಪೂರ್ಣ ವಿವರಣೆಯಾಗುವುದಿಲ್ಲ. ಮೊದಲ ಲೆಕ್ಕಕ್ಕೆ ಸೇರಿದ್ದು ವೈದ್ಯರ ಬಳಿಗೆ ಹೋಗುವ ಅಭ್ಯಾಸವಿರುವ ಮನೆಗಳ ನಾಯಿಗಳು; ಅವುಗಳಲ್ಲಿ ಅನೇಕವು ತಿಂಗಳಿಗೊಮ್ಮೆ ಕೊಡುವ ಹೃದಯಹುಳು ನಿರೋಧಕ ಮಾತ್ರೆಯನ್ನು ನುಂಗುತ್ತಿರುತ್ತವೆ, ಆ ಮಾತ್ರೆ ಕರುಳಿನ ಕೆಲವು ಹುಳುಗಳನ್ನೂ ಕೊಲ್ಲುತ್ತದೆ. ಅದೇ ಅಮೆರಿಕದಲ್ಲಿ ಸಂಶೋಧಕರು ಆಸ್ಪತ್ರೆ ಬಿಟ್ಟು ಮೈದಾನಕ್ಕೆ ಹೋದಾಗ ಏನಾಯಿತು ಎಂಬುದು 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಿಂದ ತಿಳಿಯುತ್ತದೆ. ಮೂವತ್ತು ಮಹಾನಗರ ಪ್ರದೇಶಗಳ 288 ಶ್ವಾನ ಉದ್ಯಾನಗಳಲ್ಲಿ 3,006 ನಾಯಿಗಳ ಮಲವನ್ನು ಸಂಗ್ರಹಿಸಿ ನೋಡಿದಾಗ ಶೇ 20.7ರಷ್ಟು ನಾಯಿಗಳಲ್ಲಿ ಸೋಂಕು ಕಂಡುಬಂತು. ಇದಕ್ಕಿಂತ ಮುಖ್ಯವಾದ ಅಂಕಿ ಅದೇ ಸಮೀಕ್ಷೆಯಲ್ಲಿದೆ: ಒಂದಾದರೂ ಸೋಂಕಿತ ನಾಯಿ ಸಿಕ್ಕ ಉದ್ಯಾನಗಳ ಪ್ರಮಾಣ ಶೇ 85. ನಾಯಿಗಳನ್ನು ಎಣಿಸಿದರೆ ಐದಕ್ಕೆ ಒಂದು. ಅವು ಓಡಾಡುವ ನೆಲವನ್ನು ಎಣಿಸಿದರೆ ಹೆಚ್ಚುಕಡಿಮೆ ಎಲ್ಲ ನೆಲವೂ ಅಪಾಯದ್ದೇ. ನಮ್ಮ ಊರುಗಳ ಸಾಕುನಾಯಿಗಳ ವಿಷಯದಲ್ಲಿ ಯೋಚಿಸಬೇಕಾದದ್ದು ಈ ಎರಡನೆಯ ಲೆಕ್ಕದ ಕಡೆಯಿಂದ ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆಯ ವಿಧಾನವೂ ಅಂಕಿಯನ್ನು ಏರಿಸುತ್ತದೆ, ಇಳಿಸುತ್ತದೆ. ಮಲವನ್ನು ಸಾಂದ್ರವಾದ ಉಪ್ಪಿನ ಅಥವಾ ಸಕ್ಕರೆಯ ದ್ರಾವಣದಲ್ಲಿ ಕದಡಿ, ತೇಲಿಬಂದ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ ಕ್ರಮ. ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಹೆಚ್ಚು ಮೊಟ್ಟೆ ಸಿಗುತ್ತದೆ, ತಿರುಗಿಸದೆ ಸುಮ್ಮನೆ ನಿಲ್ಲಿಸಿದರೆ ಕಡಿಮೆ. ಹುಳು ಕರುಳಿನಲ್ಲಿದ್ದರೂ ಮೊಟ್ಟೆ ಇಡುವ ವಯಸ್ಸಿಗೆ ಬಂದಿರದಿದ್ದರೆ ಏನೂ ಸಿಗದು. ಲಾಡಿಹುಳುವಿನ ಮೊಟ್ಟೆಗಳು ಅದರ ದೇಹದ ತುಣುಕುಗಳ ಒಳಗೇ ಹೊರಬರುವುದರಿಂದ ಈ ಪರೀಕ್ಷೆಯ ಕಣ್ಣಿಗೆ ಬೀಳುವುದು ಅಪರೂಪ. ಇನ್ನೊಂದು ಪ್ರಾಣಿಯ ಮಲ ತಿಂದ ನಾಯಿಯಲ್ಲಿ ಅದರದ್ದಲ್ಲದ ಹುಳುವಿನ ಮೊಟ್ಟೆ ಕಾಣಿಸುವುದೂ ಉಂಟು. ಮೇಲೆ ಹೇಳಿದ ಉದ್ಯಾನಗಳ ಸಮೀಕ್ಷೆಯಲ್ಲಿ ಮೊಟ್ಟೆ ಹುಡುಕುವುದರ ಜೊತೆಗೆ, ಹುಳು ಮಲದಲ್ಲಿ ಬಿಡುವ ಪ್ರೊಟೀನನ್ನು ಗುರುತಿಸುವ ಪರೀಕ್ಷೆಯನ್ನೂ ಸೇರಿಸಿದ್ದರಿಂದ, ಮೊಟ್ಟೆ ಕಾಣದ ಎಷ್ಟೋ ಸೋಂಕುಗಳು ಬೆಳಕಿಗೆ ಬಂದವು. ಹೀಗಾಗಿ ‘ಮಲಪರೀಕ್ಷೆಯಲ್ಲಿ ಏನೂ ಇಲ್ಲ’ ಎಂಬ ಒಂದು ಚೀಟಿಯನ್ನು ನಾಯಿಗೆ ಕೊಟ್ಟ ಪ್ರಮಾಣಪತ್ರವೆಂದು ಭಾವಿಸಲಾಗದು. ಆ ದಿನ, ಆ ಮಾದರಿಯಲ್ಲಿ, ಆ ವಿಧಾನಕ್ಕೆ ಏನೂ ಕಾಣಲಿಲ್ಲ ಎಂಬುದಷ್ಟೇ ಅದರ ಅರ್ಥ.

ಜಗತ್ತಿನ ಬೇರೆಬೇರೆ ಕಡೆಯ ನೂರಾರು ಅಧ್ಯಯನಗಳನ್ನು ಒಟ್ಟು ಸೇರಿಸಿ 2020ರಲ್ಲಿ ಮಾಡಿದ ಅಂದಾಜಿನ ಪ್ರಕಾರ, ನಾಯಿಗಳಲ್ಲಿ ‘ಟಾಕ್ಸೊಕಾರ’ ಎಂಬ ದುಂಡುಹುಳುವಿನ ಪ್ರಮಾಣ ಶೇ 11.1. ನೋಡಲು ಸಣ್ಣ ಅಂಕಿ. ಆದರೆ ಇದರಲ್ಲಿ ಎಲ್ಲ ವಯಸ್ಸಿನ ನಾಯಿಗಳೂ ಸೇರಿವೆ, ಈ ಹುಳುವಿಗೆ ವಯಸ್ಸೇ ಎಲ್ಲಕ್ಕಿಂತ ಮುಖ್ಯ. ಬೆಳೆದ ನಾಯಿಯ ದೇಹ ದುಂಡುಹುಳುವನ್ನು ಕರುಳಿನಲ್ಲಿ ನೆಲೆಯೂರಲು ಸುಲಭವಾಗಿ ಬಿಡುವುದಿಲ್ಲ; ನುಂಗಿದ ಮೊಟ್ಟೆಯಿಂದ ಹೊರಬಂದ ಮರಿಹುಳುಗಳು ಸ್ನಾಯು, ಯಕೃತ್ತು, ಮೂತ್ರಪಿಂಡಗಳಿಗೆ ಸರಿದು ಅಲ್ಲಿ ಸುಪ್ತವಾಗಿ ಉಳಿಯುತ್ತವೆ. ಮಲಪರೀಕ್ಷೆಗೆ ಅವು ಸಿಗವು, ಸಾಮಾನ್ಯ ಜಂತುನಾಶಕಕ್ಕೂ ಬಗ್ಗವು. ಹೆಣ್ಣುನಾಯಿ ಗಬ್ಬವಾದಾಗ ಕತೆ ಬದಲಾಗುತ್ತದೆ. ಗರ್ಭದ ಆರನೆಯ ವಾರದ ಹೊತ್ತಿಗೆ ಈ ಮರಿಹುಳುಗಳು ಎಚ್ಚರಗೊಂಡು ಮಾಸುವಿನ ಮೂಲಕ ಹೊಟ್ಟೆಯೊಳಗಿನ ಮರಿಗಳನ್ನು ಸೇರುತ್ತವೆ. ಮರಿ ಹುಟ್ಟುವುದೇ ಹುಳುವಿನೊಂದಿಗೆ. ಅದು ಕಣ್ಣು ಬಿಟ್ಟು ತಟ್ಟಾಡುತ್ತ ನಡೆಯಲು ಕಲಿಯುವ ಮೂರನೆಯ ವಾರದ ಹೊತ್ತಿಗೆ ಅದರ ಕರುಳಿನ ಹೆಣ್ಣುಹುಳುಗಳು ಮೊಟ್ಟೆ ಇಡತೊಡಗಿರುತ್ತವೆ. ಒಂದೊಂದು ಹುಳು ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು.

ಕೊಕ್ಕೆಹುಳು ಬಳಸುವುದು ಹಾಲಿನ ದಾರಿಯನ್ನು. ತಾಯಿಯ ಸ್ನಾಯುಗಳಲ್ಲಿ ಅಡಗಿದ್ದ ಅದರ ಮರಿಹುಳುಗಳು ಹೆರಿಗೆಯ ನಂತರ ಮೊಲೆಹಾಲಿನ ಮೂಲಕ ಮರಿಯ ಕರುಳು ಸೇರಿ, ಕರುಳಿನ ಒಳಪದರವನ್ನು ಕಚ್ಚಿ ರಕ್ತ ಹೀರುತ್ತವೆ. ದುಂಡುಹುಳು ತುಂಬಿದ ಮರಿಯನ್ನು ಯಾರೂ ಗುರುತಿಸಬಲ್ಲರು: ಬೆನ್ನೆಲುಬು ಕೈಗೆ ತಾಕುತ್ತಿದ್ದರೂ ಹೊಟ್ಟೆ ಮಾತ್ರ ಡೊಳ್ಳು, ಹೊಳಪಿಲ್ಲದ ಒರಟು ಕೂದಲು, ಆಗಾಗ ವಾಂತಿಯಲ್ಲಿ ಶಾವಿಗೆಯಂತಹ ಹುಳು. ಕೊಕ್ಕೆಹುಳುವಿನ ಮರಿ ಹಾಗೆ ಕಾಣುವುದಿಲ್ಲ. ತುಟಿ ಎತ್ತಿ ನೋಡಿದರೆ ಗುಲಾಬಿ ಬಣ್ಣವಿರಬೇಕಾದ ಒಸಡು ಬಿಳಿಚಿಕೊಂಡಿರುತ್ತದೆ, ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿರುತ್ತದೆ, ಮರಿ ಆಟ ಬಿಟ್ಟು ಮೂಲೆ ಹಿಡಿದಿರುತ್ತದೆ. ಎರಡು ಮೂರು ವಾರದ ಮರಿ ಮಲದಲ್ಲಿ ಒಂದೂ ಮೊಟ್ಟೆ ಕಾಣಿಸುವ ಮೊದಲೇ ರಕ್ತಹೀನತೆಯಿಂದ ಸಾಯುವುದುಂಟು.

ಇದೇ ಕಾರಣಕ್ಕೆ ಮರಿಗಳಿಗೆ ಹುಳದ ಔಷಧಿಯನ್ನು ಪರೀಕ್ಷೆಗೆ ಕಾಯದೆ ಎರಡನೆಯ ವಾರದಿಂದಲೇ ಆರಂಭಿಸಿ ಎರಡು ವಾರಕ್ಕೊಮ್ಮೆ ಕೊಡುತ್ತ ಹೋಗಬೇಕು, ತಾಯಿಗೂ ಅದೇ ಸಮಯಕ್ಕೆ ಕೊಡಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ನಮ್ಮಲ್ಲಿ ನಡೆಯುವುದನ್ನು ಇದರ ಪಕ್ಕ ಇಟ್ಟು ನೋಡಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಹೇಳಿದರೂ ನಲವತ್ತು ನಲವತ್ತೈದು ದಿನದ ಮರಿಗಳ ಜಾಹೀರಾತಿಗೇನೂ ಕೊರತೆಯಿಲ್ಲ. ಕೊಂಡವರು ಮರಿಯನ್ನು ವೈದ್ಯರ ಬಳಿ ಮೊದಲ ಬಾರಿಗೆ ಒಯ್ಯುವುದು ಸಾಮಾನ್ಯವಾಗಿ ಮೊದಲ ಲಸಿಕೆಗೆ, ಅಂದರೆ ಆರರಿಂದ ಎಂಟನೆಯ ವಾರದಲ್ಲಿ. ಸಾಕಿ ಮಾರುವವರು ಔಷಧಿ ಕೊಡದಿದ್ದರೆ ಅಷ್ಟರಲ್ಲಿ ಆ ಮರಿ ಮೂರು ನಾಲ್ಕು ವಾರಗಳ ಕಾಲ ಮೊಟ್ಟೆಗಳನ್ನು ಚೆಲ್ಲಿರುತ್ತದೆ, ಅದರಲ್ಲಿ ಒಂದೆರಡು ವಾರ ಹೊಸ ಮನೆಯ ಅಂಗಳದಲ್ಲಿ ಅಥವಾ ಬಾಲ್ಕನಿಯ ಹೂಕುಂಡಗಳ ನಡುವೆ. ಸಾಕುನಾಯಿಗಳ ಸೋಂಕಿನ ಪ್ರಮಾಣವನ್ನು ತಗ್ಗಿಸಲು ಒಂದೇ ಒಂದು ಕಡೆ ಕೈಹಾಕುವ ಅವಕಾಶವಿದ್ದರೆ, ಅದು ಸಾಕುವವರ ಮನೆಗಿಂತ ಮೊದಲು, ತಾಯಿ ಮತ್ತು ಮರಿ ಒಟ್ಟಿಗಿರುವ ಆ ಮೊದಲ ಎಂಟು ವಾರಗಳಲ್ಲಿ.

ಮರಿ ಬೆಳೆದ ಮೇಲೆ ಪ್ರಶ್ನೆ ನೆಲಕ್ಕೆ ಬರುತ್ತದೆ. ಮುಂಬೈ, ದೆಹಲಿ, ಸಿಕ್ಕಿಂ, ಲಡಾಖ್ ಈ ನಾಲ್ಕು ಕಡೆಯ ಬೀದಿನಾಯಿಗಳನ್ನೂ ಆಶ್ರಯಧಾಮದ ನಾಯಿಗಳನ್ನೂ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುಪಾಲು ನಾಯಿಗಳಲ್ಲಿ ಕರುಳಿನ ಪರಾವಲಂಬಿಗಳಿದ್ದವು, ಲಡಾಖ್ ಬಿಟ್ಟು ಉಳಿದ ಮೂರು ಕಡೆ ಕೊಕ್ಕೆಹುಳುವಿನದೇ ಮೇಲುಗೈ. ಅದು ಬೀದಿನಾಯಿಗಳ ಕತೆ, ನಮ್ಮದು ಮನೆಯ ನಾಯಿ ಎಂದು ಹೇಳುವವರು ದಿನಕ್ಕೆರಡು ಸಲ ತಮ್ಮ ನಾಯಿಯನ್ನು ಎಲ್ಲಿಗೆ ಕರೆದೊಯ್ಯುತ್ತೇವೆ ಎಂಬುದನ್ನು ಯೋಚಿಸಬೇಕು. ಬೆಂಗಳೂರಿನಲ್ಲಿ 2023ರಲ್ಲಿ ಆಗಿನ ಬಿಬಿಎಂಪಿ ನಡೆಸಿದ ಸಮೀಕ್ಷೆಯಲ್ಲಿ ಬೀದಿನಾಯಿಗಳ ಅಂದಾಜು ಸಂಖ್ಯೆ 2.79 ಲಕ್ಷ, 2019ರಲ್ಲಿ ಅದು 3.10 ಲಕ್ಷ ಇತ್ತು. ರಸ್ತೆ ಬದಿಯ ಹುಲ್ಲು, ಖಾಲಿ ಸೈಟು, ಕೆರೆಯ ಏರಿ, ಪಾರ್ಕಿನ ಹೊರಗೋಡೆಯ ಅಂಚು ಇವೆಲ್ಲ ಎರಡೂ ಬಗೆಯ ನಾಯಿಗಳು ಹಂಚಿಕೊಳ್ಳುವ ಜಾಗಗಳು. ಹದವಾದ ತೇವ ಮತ್ತು ಬೆಚ್ಚಗಿನ ಹವೆ ಇದ್ದರೆ ಕೊಕ್ಕೆಹುಳುವಿನ ಮೊಟ್ಟೆಯೊಡೆದು, ಸುಮಾರು ಒಂದು ವಾರದಲ್ಲಿ ಮರಿಹುಳು ಸೋಂಕು ಹರಡುವ ಹಂತ ತಲುಪುತ್ತದೆ. ಅದನ್ನು ನಾಯಿ ನುಂಗಲೇಬೇಕೆಂದಿಲ್ಲ, ಪಾದದ ಚರ್ಮದ ಮೂಲಕವೂ ಅದು ಒಳಹೋಗುತ್ತದೆ. ಬಿರುಬಿಸಿಲಿಗೆ ಒಣಗಿದ ನೆಲದಲ್ಲಿ ಅದು ಹೆಚ್ಚು ದಿನ ಬದುಕದು, ಆದ್ದರಿಂದ ಮುಂಗಾರಿನ ತಿಂಗಳುಗಳು ಅದರ ಸುಗ್ಗಿ. ದುಂಡುಹುಳುವಿನ ಮೊಟ್ಟೆಯ ಸ್ವಭಾವ ಇದಕ್ಕೆ ತದ್ವಿರುದ್ಧ: ಸೋಂಕು ಹರಡುವ ಹಂತಕ್ಕೆ ಬರಲು ಎರಡರಿಂದ ನಾಲ್ಕು ವಾರ ತೆಗೆದುಕೊಂಡರೂ ಒಮ್ಮೆ ಬಂದ ಮೇಲೆ ದಪ್ಪ ಕವಚದ ಬಲದಿಂದ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಫಿನೈಲಿಗೂ ಸುಲಭಕ್ಕೆ ಸಾಯುವುದಿಲ್ಲ.

ಇಷ್ಟು ಹೊತ್ತು ಕರುಳಿನ ವಿಷಯವನ್ನೇ ಹೇಳಿದ್ದಾಯಿತು. ದಕ್ಷಿಣ ಭಾರತದ ನಗರಗಳಲ್ಲಿ ಸಾಕುನಾಯಿಯನ್ನು ಆಸ್ಪತ್ರೆಗೆ ಸೇರಿಸುವಂತೆ ಮಾಡುವ ಪರಾವಲಂಬಿ ಯಾವುದು ಎಂದು ಪಶುವೈದ್ಯರನ್ನು ಕೇಳಿದರೆ ಜಂತುಹುಳುವಿನ ಹೆಸರಿಗಿಂತ ಮೊದಲು ಬರುವುದು ಉಣ್ಣೆಯ ಹೆಸರು. ನಾಯಿ ಸಾಕಿದವರೆಲ್ಲರ ಬಾಯಲ್ಲೂ ಇರುವ ‘ಟಿಕ್ ಫೀವರ್’ ಎಂಬುದು ಒಂದೇ ಕಾಯಿಲೆಯಲ್ಲ. ಅದರಡಿ ಬರುವ ಎರ್ಲಿಕಿಯಾ ಬ್ಯಾಕ್ಟೀರಿಯಾ, ಬೆಬೇಸಿಯಾ ಕೆಂಪು ರಕ್ತಕಣದೊಳಗೆ ಬೆಳೆಯುವ ಏಕಕೋಶ ಪರಾವಲಂಬಿ, ಹೆಪಟೊಜೂನ್ ನಾಯಿಯು ಉಣ್ಣೆಯನ್ನೇ ಕಚ್ಚಿ ನುಂಗಿದಾಗ ಬರುವ ಇನ್ನೊಂದು ಏಕಕೋಶಿ. ಕಟ್ಟುನಿಟ್ಟಾಗಿ ನೋಡಿದರೆ ಬ್ಯಾಕ್ಟೀರಿಯಾವನ್ನು ಪರಾವಲಂಬಿಗಳ ಪಟ್ಟಿಗೆ ಸೇರಿಸುವ ರೂಢಿಯಿಲ್ಲ, ಆದರೆ ಹೊತ್ತು ತರುವ ಉಣ್ಣೆ ಒಂದೇ ಆದ್ದರಿಂದ ಒಟ್ಟಿಗೇ ಹೇಳುವುದು ಅನುಕೂಲ. ಮೇಲೆ ಹೇಳಿದ ಭಾರತದ ಆ ನಾಲ್ಕು ಪ್ರದೇಶಗಳಲ್ಲಿಯೇ ಐನೂರಕ್ಕೂ ಹೆಚ್ಚು ನಾಯಿಗಳ ರಕ್ತವನ್ನು ಡಿಎನ್‌ಎ ಪರೀಕ್ಷೆಗೆ ಒಳಪಡಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 30ರಷ್ಟರಲ್ಲಿ ಹೆಪಟೊಜೂನ್, ಸುಮಾರು ಶೇ 20ರಷ್ಟರಲ್ಲಿ ಎರ್ಲಿಕಿಯಾ ಕಂಡುಬಂದಿದ್ದವು. ಅವೂ ಮುಖ್ಯವಾಗಿ ಬೀದಿಯ ನಾಯಿಗಳೇ. ಆದರೆ ಉಣ್ಣೆಗೆ ಬೀದಿನಾಯಿಯ ರಕ್ತಕ್ಕೂ ಲ್ಯಾಬ್ರಡಾರಿನ ರಕ್ತಕ್ಕೂ ಭೇದವಿಲ್ಲ.

ನಾಯಿಯ ಕಂದು ಉಣ್ಣೆಯ ಬದುಕು ತಿಳಿಯದೆ ಅದರ ಮೇಲೆ ಹೋರಾಟ ಸಾಧ್ಯವಿಲ್ಲ. ಬಹುತೇಕ ಉಣ್ಣೆಗಳು ಕಾಡು, ಹುಲ್ಲುಗಾವಲುಗಳವು. ಇದು ಮಾತ್ರ ಕಟ್ಟಡದೊಳಗೇ ಸಂಸಾರ ಹೂಡಬಲ್ಲದು. ಮರಿ, ಎಳೆಯ, ಬೆಳೆದ ಈ ಮೂರೂ ಹಂತಗಳಲ್ಲಿ ಅದು ರಕ್ತ ಹೀರುವುದು ನಾಯಿಯಿಂದಲೇ, ಪ್ರತಿ ಸಲ ಹೊಟ್ಟೆ ತುಂಬಿದ ಮೇಲೆ ನಾಯಿಯಿಂದ ಇಳಿದು ಬಿರುಕು ಹುಡುಕುತ್ತದೆ. ರಕ್ತ ತುಂಬಿ ಬೂದುಬಣ್ಣದ ಅವರೆಕಾಳಿನಷ್ಟಾದ ಹೆಣ್ಣು ಉಣ್ಣೆ ಗೋಡೆ ಹತ್ತಿ ಕಿಟಕಿ ಚೌಕಟ್ಟಿನ ಹಿಂದೆ, ಸ್ವಿಚ್‌ಬೋರ್ಡಿನ ಸಂದಿಯಲ್ಲಿ, ಚಾವಣಿಯ ಮೂಲೆಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಗೋಡೆಯ ಮೇಲೆ ಎಳ್ಳಿಗಿಂತ ಸಣ್ಣ ಚುಕ್ಕೆಗಳ ಸಾಲು ಚಲಿಸುತ್ತಿರುವುದು ಮನೆಯವರಿಗೆ ಕಾಣಿಸುವ ಹೊತ್ತಿಗೆ ಒಂದು ತಲೆಮಾರು ಆಗಲೇ ಮುಗಿದಿರುತ್ತದೆ. ಬೆಳೆದ ಉಣ್ಣೆ ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಕಾಯಬಲ್ಲದು. ಯಾವುದೇ ಕ್ಷಣದಲ್ಲಿ ನಾಯಿಯ ಮೈಮೇಲೆ ಸಿಗುವುದು ಆ ಮನೆಯ ಉಣ್ಣೆಗಳ ಸಣ್ಣ ಭಾಗ ಮಾತ್ರ. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ, ಕತ್ತುಪಟ್ಟಿಯ ಅಡಿಯಲ್ಲಿ ಹುಡುಕಿ ಒಂದೊಂದಾಗಿ ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕುವವರ ಶ್ರಮ ವರ್ಷವಿಡೀ ಮುಗಿಯದಿರುವುದಕ್ಕೆ ಕಾರಣ ಇದೇ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ದೇಶಗಳಲ್ಲಿ ಉಣ್ಣೆಗೆ ಹೊರಗೆ ಒಂದು ಬಿಡುವಾದರೂ ಇದೆ, ಬೆಂಗಳೂರಿನ ಹವೆಯಲ್ಲಿ ಆ ಬಿಡುವೂ ಇಲ್ಲ.

ಎರ್ಲಿಕಿಯಾ ಸೋಂಕಾದ ನಾಯಿಗೆ ಒಂದರಿಂದ ಮೂರು ವಾರದಲ್ಲಿ ಜ್ವರ, ಊಟ ಬಿಡುವುದು, ಪ್ಲೇಟ್‌ಲೆಟ್ ಕುಸಿತ, ಕೆಲವೊಮ್ಮೆ ಮೂಗಿನಿಂದ ರಕ್ತ ಬರಬಹುದು. ಏನೂ ಕಾಣಿಸದೆ ತಿಂಗಳು, ವರ್ಷಗಳ ಕಾಲ ಒಳಗೇ ಉಳಿದು ಆಮೇಲೆ ಮೂಳೆಮಜ್ಜೆಯನ್ನೇ ಬತ್ತಿಸಲೂಬಹುದು. ಬೆಬೇಸಿಯಾ ಆದರೆ ಒಸಡು ಬಿಳುಪಾಗುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಬಹುದು. ಇದರಲ್ಲೂ ದೊಡ್ಡ ಬೆಬೇಸಿಯಾಕ್ಕೆ ಕೆಲಸ ಮಾಡುವ ಚುಚ್ಚುಮದ್ದು ‘ಗಿಬ್ಸೋನಿ’ ಎಂಬ ಸಣ್ಣ ಬೆಬೇಸಿಯಾವನ್ನು ಪೂರ್ತಿ ತೊಲಗಿಸುವುದಿಲ್ಲ, ಅದಕ್ಕೆ ಬೇರೆಯೇ ಔಷಧಿಗಳ ಜೋಡಿ ಬೇಕು. ಆದ್ದರಿಂದ ರಕ್ತದ ಲೇಪನದಲ್ಲಿ ಏನು ಕಂಡಿತು, ಡಿಎನ್‌ಎ ಪರೀಕ್ಷೆ ಆಗಿದೆಯೇ ಎಂದು ಕೇಳದೆ ‘ಟಿಕ್ ಫೀವರಿನ ಕೋರ್ಸ್’ ಮುಗಿಸಿ ಸುಮ್ಮನಾಗುವುದು ಅರ್ಧ ಚಿಕಿತ್ಸೆಯಾಗುವ ಸಂಭವವಿದೆ. ಉಣ್ಣೆ ಕಚ್ಚಿದ ಮೂರೇ ಗಂಟೆಗಳಲ್ಲಿ ಎರ್ಲಿಕಿಯಾ ನಾಯಿಯ ದೇಹಕ್ಕೆ ದಾಟಬಲ್ಲದೆಂದು ಪ್ರಯೋಗಗಳು ತೋರಿಸಿರುವುದರಿಂದ, ವಾರಕ್ಕೊಮ್ಮೆ ಸ್ನಾನ ಮಾಡಿಸುವಾಗ ಉಣ್ಣೆ ಹುಡುಕುವ ಪದ್ಧತಿ ಕಾಯಿಲೆಯನ್ನು ತಡೆಯಲಾರದು.

ಮಲೆನಾಡಿನಲ್ಲಿ ಉಣುಗು, ಅಂದರೆ ಉಣ್ಣೆ, ಎಂದೊಡನೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ವೈರಸ್ಸನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಎಂಬ ಕಾಡಿನ ಉಣ್ಣೆ, ನಾಯಿಯ ಕಂದು ಉಣ್ಣೆಯಲ್ಲ. ನಗರದ ನಾಯಿಯ ಮೈಮೇಲಿನ ಉಣ್ಣೆ ಕಂಡು ಮಂಗನ ಕಾಯಿಲೆಗೆ ಹೆದರಬೇಕಾದ್ದಿಲ್ಲ. ಯಜಮಾನನ ಹಿಂದೆ ಕಾಡಿಗೆ ಹೋಗಿ ಬರುವ ನಾಯಿಯ ಮೈಮೇಲೆ ಕಾಡಿನ ಉಣ್ಣೆಯೂ ಮನೆಗೆ ಬರಬಹುದು ಎಂಬುದರಿಂದ ಆ ಸೀಮೆಯವರ ಎಚ್ಚರಿಕೆ ಮಾತ್ರ ಸಕಾರಣವಾದದ್ದೇ.

ಚಿಗಟ ಸಣ್ಣ ಉಪದ್ರವವೆಂದೇ ಎಲ್ಲರೂ ತಿಳಿಯುತ್ತಾರೆ, ಅದರ ಬಗ್ಗೆ ಹೇಳಬೇಕಾದದ್ದೂ ಹೆಚ್ಚಿಲ್ಲ. ಬಾಚಣಿಗೆಗೆ ಸಿಕ್ಕ ಕರಿಯ ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿದಾಗ ಅದರ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟ ವಿಸರ್ಜಿಸಿದ ರಕ್ತ. ಇದೇ ಚಿಗಟವನ್ನು ನಾಯಿ ಕಚ್ಚಿ ನುಂಗಿದಾಗ ಅದರೊಳಗಿದ್ದ ಲಾಡಿಹುಳುವಿನ ಮರಿ ಕರುಳು ಸೇರಿ ಎರಡು ಮೂರು ವಾರದಲ್ಲಿ ಬೆಳೆದು, ಬಾಲದ ಬುಡದಲ್ಲಿ ಅಂಟಿಕೊಳ್ಳುವ, ಒಣಗಿದರೆ ಅಕ್ಕಿನುಚ್ಚಿನಂತೆ ಕಾಣುವ ತುಣುಕುಗಳನ್ನು ಬಿಡತೊಡಗುತ್ತದೆ. ಮಾತ್ರೆ ಕೊಟ್ಟ ತಿಂಗಳಿನೊಳಗೆ ಅದು ಮತ್ತೆ ಕಾಣಿಸಿಕೊಂಡರೆ ಮಾತ್ರೆ ಕೆಲಸ ಮಾಡಲಿಲ್ಲ ಎಂದು ದೂರುವವರು ಬಹಳ. ಚಿಗಟ ಮನೆಯಲ್ಲಿಯೇ ಉಳಿದಿರುವಾಗ ಮಾತ್ರೆಯ ತಪ್ಪೇನಿದೆ?

ಮನುಷ್ಯರ ಆರೋಗ್ಯದ ದೃಷ್ಟಿಯಿಂದ ಇದಕ್ಕಿಂತ ಗಂಭೀರವಾದ ಲಾಡಿಹುಳು ಕಣ್ಣಿಗೆ ಕಾಣುವುದೇ ಇಲ್ಲ. ಎಕಿನೊಕಾಕಸ್ ಎಂಬ ಅದರ ಉದ್ದ ಕೆಲವೇ ಮಿಲಿಮೀಟರು, ಅದನ್ನು ಹೊತ್ತ ನಾಯಿ ಲವಲವಿಕೆಯಿಂದಲೇ ಇರುತ್ತದೆ. ಕುರಿ, ಮೇಕೆ, ದನಗಳ ಯಕೃತ್ತು ಮತ್ತು ಶ್ವಾಸಕೋಶದಲ್ಲಿ ನೀರುಗುಳ್ಳೆಯ ರೂಪದಲ್ಲಿರುವ ಇದರ ಮರಿಹಂತ ಹಸಿ ಮಾಂಸದ ಮೂಲಕ ನಾಯಿಗೆ, ನಾಯಿಯ ಮಲದ ಮೊಟ್ಟೆಯ ಮೂಲಕ ಮನುಷ್ಯರಿಗೆ ಬಂದು, ಮನುಷ್ಯರ ಯಕೃತ್ತಿನಲ್ಲೂ ಶ್ವಾಸಕೋಶದಲ್ಲೂ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಹೈಡಾಟಿಡ್ ಗಡ್ಡೆಯಾಗುತ್ತದೆ. ಮಟನ್ ಅಂಗಡಿಯವರು ಮಿಕ್ಕ ಪುಪ್ಪಸ, ಕರುಳನ್ನು ಕಡಿಮೆ ಬೆಲೆಗೆ ಕೊಡುತ್ತಾರೆಂದು ತಂದು ಹಸಿಯಾಗಿಯೇ ಹಾಕುವ ಪದ್ಧತಿಯನ್ನು, ಹಸಿ ಮಾಂಸವೇ ನಾಯಿಯ ಸಹಜ ಆಹಾರವೆಂಬ ಈಚಿನ ಪ್ರಚಾರದ ಜೊತೆಗೇ ಬದಿಗಿಟ್ಟು, ಚೆನ್ನಾಗಿ ಬೇಯಿಸಿ ಹಾಕಿದರೆ ಈ ದಾರಿ ಮುಚ್ಚಿಹೋಗುತ್ತದೆ. ಅಂತಹ ಹಸಿ ಮಾಂಸ ಸಿಗುವ ಕಡೆ ಓಡಾಡುವ ನಾಯಿಗೆ ಆರು ವಾರಕ್ಕೊಮ್ಮೆ ಲಾಡಿಹುಳುವಿನ ಔಷಧಿ ಕೊಡಬೇಕೆಂದು ಯುರೋಪಿನ ಮಾರ್ಗಸೂಚಿಗಳು ಹೇಳುವುದಕ್ಕೆ ಕಾರಣ, ಈ ಹುಳು ಬೆಳೆದು ಮೊಟ್ಟೆ ಬಿಡಲು ಹಿಡಿಯುವ ಕಾಲವೂ ಸುಮಾರು ಅಷ್ಟೇ ಇರುವುದು. ಸೊಳ್ಳೆಯಿಂದ ಬರುವ ‘ಡೈರೋಫೈಲೇರಿಯ ರೆಪೆನ್ಸ್’ ಎಂಬ ಹುಳು ಇನ್ನೊಂದು ಬಗೆಯದು. ನಾಯಿಯ ಚರ್ಮದಡಿ ಬದುಕುವ ಅದು ದಾರಿತಪ್ಪಿ ಮನುಷ್ಯರ ಕಣ್ಣಿನ ಪೊರೆಯಡಿ ಕಾಣಿಸಿಕೊಂಡ ಪ್ರಕರಣಗಳು ಕೇರಳದಿಂದಲೂ ಕರಾವಳಿ ಕರ್ನಾಟಕದಿಂದಲೂ ವರದಿಯಾಗಿವೆ.

ಮಕ್ಕಳಿರುವ ಮನೆಯವರ ಆತಂಕಕ್ಕೆ ಇಲ್ಲಿ ಒಂದು ಸ್ಪಷ್ಟನೆ ಬೇಕು. ಮನೆಯ ನಾಯಿಯನ್ನು ಮುಟ್ಟಿದ, ತಬ್ಬಿಕೊಂಡ ಮಾತ್ರಕ್ಕೆ ದುಂಡುಹುಳು ಅಂಟುವುದು ಅಪರೂಪ, ಏಕೆಂದರೆ ಹೊಸ ಮಲದಲ್ಲಿನ ಮೊಟ್ಟೆ ಇನ್ನೂ ಸೋಂಕು ಹರಡುವ ಹಂತಕ್ಕೆ ಬಂದಿರುವುದಿಲ್ಲ. ಹಳೆಯ ಮಣ್ಣಿನಲ್ಲಿ ಆಡಿ ಕೈ ತೊಳೆಯದೆ ಬಾಯಿಗೆ ಹಾಕುವ ಮಗುವಿಗೆ ಅಪಾಯ ಹೆಚ್ಚು. ಹೊಟ್ಟೆ ಸೇರಿದ ಮರಿಹುಳು ಯಕೃತ್ತು, ಶ್ವಾಸಕೋಶ, ವಿರಳವಾಗಿ ಕಣ್ಣನ್ನು ತಲುಪಿ ದೃಷ್ಟಿಗೇ ಹಾನಿ ಮಾಡಬಲ್ಲದು. ನಾಯಿಯ ಕೊಕ್ಕೆಹುಳು ಬರಿಗಾಲಿನ ಚರ್ಮ ಹೊಕ್ಕು ಹಾವಿನಂತೆ ಅಂಕುಡೊಂಕಾಗಿ ಹರಿಯುವ ಕೆಂಪು, ನವೆಯ ಗೆರೆ ಮೂಡಿಸುತ್ತದೆ. ಅವುಗಳಲ್ಲಿ ‘ಸಿಲಾನಿಕಮ್’ ಎಂಬ ಪ್ರಭೇದ ಚರ್ಮಕ್ಕೆ ನಿಲ್ಲದೆ ಮನುಷ್ಯರ ಕರುಳಿನಲ್ಲಿಯೂ ಬೆಳೆಯಬಲ್ಲದೆಂದು ಈಗ ತಿಳಿದಿದೆ, ಏಷ್ಯಾದ ಹಲವು ಕಡೆ ಅದು ನಾಯಿ ಮತ್ತು ಮನುಷ್ಯ ಇಬ್ಬರಲ್ಲೂ ಸಿಕ್ಕಿದೆ. ಮರಿಗಳ ಭೇದಿಗೆ ಆಗಾಗ ಕಾರಣವಾಗುವ ಜಿಯಾರ್ಡಿಯಾದ ವಿಷಯದಲ್ಲಿ ಅಷ್ಟು ಭಯ ಬೇಡ. ನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಅದರ ಬಗೆಗಳು ಮನುಷ್ಯರಿಗೆ ಬರುವ ಬಗೆಗಳಿಗಿಂತ ಭಿನ್ನ.

ಇನ್ನು ಔಷಧಿಯ ಮಾತು. ನಾಯಿಯ ಲಸಿಕೆ ಪುಸ್ತಕದಲ್ಲಿ ಸಾಮಾನ್ಯವಾಗಿ ಹುಳದ ಔಷಧಿಗೊಂದು ಪುಟವಿರುತ್ತದೆ: ದಿನಾಂಕ, ತೂಕ, ಮಾತ್ರೆಯ ಹೆಸರು, ಮುಂದಿನ ದಿನಾಂಕ. ಆ ಪುಟ ತುಂಬಿದ್ದರೆ ನಾಯಿ ಪರಾವಲಂಬಿಗಳಿಂದ ಮುಕ್ತ ಎಂಬ ನಂಬಿಕೆ ವ್ಯಾಪಕವಾಗಿದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಮಾತ್ರೆಗಳಲ್ಲಿ ಇರುವುದು ಪೈರಾಂಟೆಲ್, ಫೆಬಾಂಟೆಲ್, ಪ್ರಾಜಿಕ್ವಾಂಟೆಲ್ ಇವುಗಳ ಮಿಶ್ರಣ. ಇದು ಆ ದಿನ ಕರುಳಿನಲ್ಲಿರುವ ಹುಳುಗಳನ್ನು ಚೆನ್ನಾಗಿ ತೊಲಗಿಸುತ್ತದೆ, ಆದರೆ ಮರುದಿನ ನುಂಗಿದ ಮೊಟ್ಟೆಯನ್ನು ತಡೆಯುವುದಿಲ್ಲ. ಉಣ್ಣೆ, ಉಣ್ಣೆಯ ಜ್ವರ, ಸೊಳ್ಳೆಯಿಂದ ಬರುವ ಹುಳು ಇವುಗಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಯುರೋಪಿನ ಪರಾವಲಂಬಿ ತಜ್ಞರ ಮಂಡಳಿ ಅಪಾಯದ ಅಂದಾಜು ಸ್ಪಷ್ಟವಿಲ್ಲದ ನಾಯಿಗೆ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಔಷಧಿ ಕೊಡಬೇಕೆನ್ನುತ್ತದೆ. ಅಮೆರಿಕದ ಮಂಡಳಿ ಮೊದಲ ವರ್ಷದಲ್ಲಿ ಕನಿಷ್ಠ ನಾಲ್ಕು, ಆಮೇಲೆ ವರ್ಷಕ್ಕೆ ಕನಿಷ್ಠ ಎರಡು ಮಲಪರೀಕ್ಷೆಯನ್ನು ಇದರ ಜೊತೆ ಸೇರಿಸುತ್ತದೆ. ನಮ್ಮಲ್ಲಿ ಮೊದಲನೆಯದು ಅರ್ಧಂಬರ್ಧ ನಡೆಯುತ್ತದೆ, ಎರಡನೆಯದು ನಾಯಿಗೆ ಭೇದಿಯಾದಾಗ ಮಾತ್ರ ನೆನಪಾಗುತ್ತದೆ. ಪರೀಕ್ಷೆಯಿಲ್ಲದ ಮಾತ್ರೆಯ ದೋಷ ಮೇಲ್ನೋಟಕ್ಕೆ ಕಾಣುವುದಿಲ್ಲ. ಅಮೆರ‌ಿಕದಲ್ಲಿ ಓಟದ ಗ್ರೇಹೌಂಡ್‌ ನಾಯಿಗಳಲ್ಲಿ ಮೊದಲು ಗಮನ ಸೆಳೆದ, ಹಲವು ಔಷಧಿಗಳಿಗೂ ಜಗ್ಗದ ಕೊಕ್ಕೆಹುಳು ಈಗ ಅಲ್ಲಿ ಸಾಕುನಾಯಿಗಳಿಗೂ ಹಬ್ಬಿದೆ. ಔಷಧಿ ಕೊಟ್ಟ ಎರಡು ವಾರದ ನಂತರ ಮತ್ತೊಮ್ಮೆ ಮಲ ನೋಡದವರಿಗೆ ಅಂತಹ ಹುಳು ಪತ್ತೆಯಾಗುವ ಬಗೆಯೇ ಇಲ್ಲ.

ಉಣ್ಣೆಗೆ ಈಗ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಐಸೊಕ್ಸಜೋಲಿನ್ ವರ್ಗದ ಮಾತ್ರೆಗಳಿವೆ, ಕತ್ತಿನ ಹಿಂದೆ ಹನಿ ಹಾಕುವ ದ್ರವಗಳಿವೆ, ಔಷಧಿಯುಕ್ತ ಕತ್ತುಪಟ್ಟಿಗಳಿವೆ. ಮಾತ್ರೆ ಕೆಲಸ ಮಾಡುವುದು ಉಣ್ಣೆ ಕಚ್ಚಿದ ಮೇಲೆ. ಆದರೂ ಮನೆಯ ಉಣ್ಣೆಗಳೆಲ್ಲ ಒಂದಾದ ಮೇಲೊಂದು ನಾಯಿಗೆ ಬಂದು ಸಾಯುವುದರಿಂದ, ಬಿಡದೆ ಕೊಟ್ಟರೆ ಕೆಲವು ತಿಂಗಳಲ್ಲಿ ಗೋಡೆಯ ಬಿರುಕೂ ಖಾಲಿಯಾಗುತ್ತದೆ. ಮೂರ್ಛೆರೋಗವಿರುವ ನಾಯಿಗೆ ಇವನ್ನು ಕೊಡುವ ಮೊದಲು ವೈದ್ಯರಿಗೆ ತಿಳಿಸಬೇಕು. ಬೆಲೆ ಹೆಚ್ಚೆಂದು ದನಗಳ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೆ ಕೊಡುವವರಿದ್ದಾರೆ. ‘ಕಾಲಿ’ ಎಂಬ ತಳಿ ಮತ್ತು ಅದರ ಬೆರಕೆಗಳಲ್ಲಿ ಒಂದು ಜೀನಿನ ದೋಷದಿಂದ ಈ ಔಷಧಿ ಮಿದುಳಿಗೆ ನುಗ್ಗಿ ಸಾವನ್ನೇ ತರಬಹುದು. ಉಣ್ಣೆ ಕೊಲ್ಲಲು ನಾಯಿಗೆ ಹಾಕುವ ಪರ್ಮೆತ್ರಿನ್ ದ್ರವ ಅದೇ ಮನೆಯ ಬೆಕ್ಕಿಗೆ ವಿಷ.

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಬೀದಿನಾಯಿಗಳ ಕುರಿತು ನೀಡಿದ ಆದೇಶದಲ್ಲಿ, ಹಿಡಿದ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಜಂತುನಾಶಕ ಮತ್ತು ಲಸಿಕೆ ಕೊಟ್ಟು ಅದೇ ಪ್ರದೇಶಕ್ಕೆ ಬಿಡಬೇಕು ಎಂಬ ಮಾತಿದೆ. ರೇಬೀಸ್ ಇರುವ, ಆಕ್ರಮಣಕಾರಿಯಾದ ನಾಯಿಗಳಿಗೆ ಇದರಿಂದ ವಿನಾಯಿತಿ. ಚರ್ಚೆಯೆಲ್ಲ ಸಂತಾನಹರಣ ಮತ್ತು ಲಸಿಕೆಯ ಸುತ್ತಲೇ ನಡೆದು, ನಡುವಿನ ಪದವನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಶಸ್ತ್ರಚಿಕಿತ್ಸೆ ಜೀವನಕ್ಕೊಮ್ಮೆ ಸಾಕು, ರೇಬೀಸ್ ಲಸಿಕೆ ವರ್ಷವಾದರೂ ನಿಲ್ಲುತ್ತದೆ, ಜಂತುನಾಶಕದ ಪರಿಣಾಮ ಒಂದೆರಡು ದಿನದ್ದು. ಮೊಟ್ಟೆ ತುಂಬಿದ ಅದೇ ಮಣ್ಣಿಗೆ ಮರಳಿದ ನಾಯಿಯಲ್ಲಿ ಕೆಲವು ವಾರಗಳೊಳಗೆ ಕೊಕ್ಕೆಹುಳು ಮತ್ತೆ ಮೊಟ್ಟೆ ಇಡತೊಡಗುತ್ತದೆ, ಅದೇ ಮಣ್ಣಿನ ಮೇಲೆ ಅಪಾರ್ಟ್‌ಮೆಂಟಿನ ನಾಯಿಯೂ ಸಂಜೆ ನಡೆಯುತ್ತದೆ. ಅದೇ ಆದೇಶ ಪ್ರತಿ ವಾರ್ಡಿನಲ್ಲಿ ನಾಯಿಗಳಿಗೆ ಆಹಾರ ಹಾಕಲು ಗೊತ್ತುಪಡಿಸಿದ ಜಾಗಗಳಿರಬೇಕೆಂದೂ ಹೇಳಿದೆ. ದಿನವೂ ಅದೇ ನಾಯಿಗಳು ಅದೇ ಹೊತ್ತಿಗೆ ಬರುವ ಆ ಜಾಗಗಳಲ್ಲಿ, ಪಶುವೈದ್ಯರ ಮೇಲ್ವಿಚಾರಣೆಯಡಿ ಮೂರು ತಿಂಗಳಿಗೊಮ್ಮೆ ಅನ್ನದಲ್ಲಿ ಮಾತ್ರೆ ಬೆರೆಸಿ ಹಾಕುವುದು ನಾಯಿ ಹಿಡಿಯುವ ವಾಹನಕ್ಕಿಂತ ಎಷ್ಟೋ ಅಗ್ಗದ ಕೆಲಸ. ಅದರ ಜೊತೆಗೆ ತಮ್ಮ ನಾಯಿಯ ಮಲವನ್ನು ಒಂದು ವಾರ ಹಳೆಯದಾಗಲು ಬಿಡದೆ ಅಂದಂದೇ ಎತ್ತಿ ಹಾಕುವುದನ್ನು ಸಾಕುವವರು ರೂಢಿಸಿಕೊಂಡರೆ, ಕೊಕ್ಕೆಹುಳುವಿನ ಮರಿಗಾಗಲಿ ದುಂಡುಹುಳುವಿನ ಮೊಟ್ಟೆಗಾಗಲಿ ಸೋಂಕು ಹರಡುವ ಹಂತ ತಲುಪಲು ಬೇಕಾದ ಕಾಲವೇ ಸಿಗುವುದಿಲ್ಲ.